ನಾರ್ಮಲಪ್ಪನ ಎಡಗೈ

ನಮ್ಮ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಒಬ್ಬನೇ ಮನುಷ್ಯ ಆರೋಗ್ಯವಾಗಿದ್ದ. ಉಳಿದ ನಾವು ಹಾಗಿದ್ದೆವೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಯಾರೂ ನೋಡಿರಲಿಲ್ಲ. ಅವನ ರಕ್ತ ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರದಲ್ಲಿ ಹಾದು, ಕಾಗದದ ಮೇಲೆ ಅಚ್ಚಾಗಿ, ಫೈಲಿಗೆ ಸೇರುತ್ತಿತ್ತು. ಅದಕ್ಕೇ ಅವನಿಗೆ ನಾರ್ಮಲಪ್ಪ ಅಂತ ಹೆಸರು ಬಿತ್ತು. ಹೆಸರಿಟ್ಟವಳು ನಾನೇ. ಅವನನ್ನು ಮುಗಿಸಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಮುಚ್ಚಿಟ್ಟು ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ನಾಟಕ ನನ್ನಿಂದಾಗದು.

ನಮ್ಮದು ಆಸ್ಪತ್ರೆಯ ಮೂರನೇ ಮಹಡಿ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ನಾನು ಅಲ್ಲಿ ಹಿರಿಯ ಟೆಕ್ನಿಷಿಯನ್. ರೋಗದ ಮೇಲೆ ಕಾದಾಡುವ ಬಿಳಿ ರಕ್ತಕಣಗಳನ್ನು ನೋಡುವುದು ನಮ್ಮ ಕೆಲಸ. ಆ ಕಣಗಳ ಮೈಮೇಲೆ ಬಗೆಬಗೆಯ ಗುರುತುಗಳಿರುತ್ತವೆ, ಒಂದೊಂದಕ್ಕೂ ಒಂದೊಂದು ನಂಬರು. ಬರಿಗಣ್ಣಿಗೆ ಕಾಣುವಂಥವಲ್ಲ. ಹಾಗಾಗಿ ಆ ಗುರುತಿಗೇ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ ಎಂಬ ವಸ್ತುವಿಗೆ ಹೊಳೆಯುವ ಬಣ್ಣ ಕಟ್ಟಿ, ಹೆಬ್ಬೆರಳಿಗಿಂತ ಚಿಕ್ಕ ಬಾಟಲಿಯಲ್ಲಿ ತುಂಬಿ ಕಂಪನಿಯವರು ಕಳಿಸುತ್ತಾರೆ. ರಕ್ತಕ್ಕೆ ಅದನ್ನು ಒಂದಿಷ್ಟು ಹಾಕಿ, ಕತ್ತಲಲ್ಲಿ ಇಪ್ಪತ್ತು ನಿಮಿಷ ಇಟ್ಟು, ಯಂತ್ರಕ್ಕೆ ಕೊಟ್ಟರೆ ಕಣಗಳು ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಗುರುತಿದ್ದ ಕಣ ಹೊಳೆಯುತ್ತದೆ, ಇಲ್ಲದ್ದು ಮಂಕಾಗಿ ಹೋಗುತ್ತದೆ. ಕೊನೆಗೆ ಕಾಗದದ ಮೇಲೆ ಗುಡ್ಡದಂಥ ಗೆರೆ ಮೂಡುತ್ತದೆ. ಹೊಳೆದವುಗಳ ಗುಡ್ಡ ಬಲಕ್ಕೆ, ಹೊಳೆಯದವುಗಳದ್ದು ಎಡಕ್ಕೆ.

ಈ ಬಾಟಲಿಗಳು ಮನೆಗೆ ಬಂದ ಹೊಸ ಅಳಿಯನ ಹಾಗೆ, ಎಲ್ಲದಕ್ಕೂ ಮುನಿಸು. ಬಿಸಿಲು ತಾಗಬಾರದು, ಬೆಚ್ಚಗಾಗಬಾರದು, ಹಾಗಂತ ಹೆಪ್ಪುಗಟ್ಟಲೂಬಾರದು. ಕೆಟ್ಟರೆ ಬಣ್ಣ ಸಾಯುತ್ತದೆ, ಇರುವ ಗುರುತೂ ಇಲ್ಲವೆಂದು ಕಾಣುತ್ತದೆ. ಅದಕ್ಕೆ ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಒಂದು ನಿಯಮ ಮಾಡಿ, ತಮ್ಮ ಕೈಯಾರೆ ಬರೆದು, ಗೋಡೆಗೆ ಅಂಟಿಸಿದ್ದರು: ‘ನಾರ್ಮಲ್ ಪಾಸಾಗದೆ ರೋಗಿಯ ರಕ್ತ ಮುಟ್ಟಬಾರದು.’ ಅಂದರೆ ಸೋಮವಾರಕ್ಕೊಮ್ಮೆ, ಮತ್ತು ಹೊಸ ಬಾಟಲಿ ತೆರೆದಾಗಲೆಲ್ಲ, ಆರೋಗ್ಯವಂತನೊಬ್ಬನ ರಕ್ತಕ್ಕೆ ಹಾಕಿ ನೋಡಬೇಕು. ಅವನಲ್ಲಿ ಹೊಳೆದರೆ ಬಾಟಲಿ ಚೆನ್ನಾಗಿದೆ. ಹೊಳೆಯದಿದ್ದರೆ ಬಾಟಲಿಯನ್ನು ಎತ್ತಿ ಬಿಸಾಕು.

ಮೊದಮೊದಲು ನಾವೇ ಸರದಿಯ ಮೇಲೆ ರಕ್ತ ಕೊಡುತ್ತಿದ್ದೆವು. ದೊಡ್ಡ ಡಾಕ್ಟರು ಒಂದು ಸಲ ಕೊಟ್ಟು, ಸೂಜಿ ನೋಡಿ ಬೆವತು, ಅಲ್ಲಿಂದಾಚೆ ಸೋಮವಾರ ಅಂದರೆ ಅವರಿಗೆ ಮೀಟಿಂಗು. ಆಗ ಹೊಸದಾಗಿ ಸೇರಿದ್ದ ಅಟೆಂಡರ್ ಒರೆಸುವ ಕೋಲು ಬದಿಗಿಟ್ಟು ಬಂದು ನಿಂತ. ಉದ್ದನೆಯ, ಒಣಕಲು ಆಳು. ಇಸ್ತ್ರಿ ಮಾಡಿದ ಅಂಗಿ.

“ನಂದೇ ತಗೊಳ್ಳಿ ಅಕ್ಕಾ. ಒಳಗೆ ಸುಮ್ನೆ ಓಡಾಡ್ಕೊಂಡಿರುತ್ತೆ, ಏನೂ ಕೆಲ್ಸ ಇಲ್ಲ ಅದಕ್ಕೆ.”

ಆವತ್ತು ಶುರುವಾದದ್ದು. ಯಾವಾಗಲೂ ಎಡಗೈ. “ಬಲಗೈ ಮನೆಯವಳ ಸುಪರ್ದಿಗೆ ಬಿಟ್ಟಿದೀನಿ” ಅನ್ನುತ್ತಿದ್ದ. ಮನೆಯವಳು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಗಂಡನಿಗೆ ಲ್ಯಾಬಿನಲ್ಲಿ ಬಿದ್ದ ಹೆಸರು ಕೇಳಿ, “ಇವರು ನಾರ್ಮಲ್ಲಾ? ಒಂದು ವಾರ ನಮ್ಮನೇಲಿ ಇದ್ದು ನೋಡಿ ಹೇಳಕ್ಕೆ ಹೇಳಿ” ಅಂದಳಂತೆ. ಅದನ್ನು ಅವನೇ ಬಂದು ನಮಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

ನೆಲ ಒರೆಸುವುದು, ಕೆಳಗಿನ ಸ್ಟೋರಿನಿಂದ ಐಸ್ ಡಬ್ಬಿಯಲ್ಲಿ ಬಾಟಲಿ ತರುವುದು, ಟ್ಯೂಬುಗಳಿಗೆ ಬೆಳಕು ಬೀಳದಂತೆ ಬೆಳ್ಳಿ ಕಾಗದ ಸುತ್ತುವುದು ಅವನ ಕೆಲಸ. ಫ್ರಿಜ್ಜಿನ ಬೀಗದ ಕೈಯೂ ಅವನದೇ. ಅದಕ್ಕೆ ಹೆಂಡತಿ ಒಂದು ಪುಟ್ಟ ನೀಲಿ ಚೀಲ ಹೊಲಿದುಕೊಟ್ಟಿದ್ದಳು, ಅದು ಅವನ ಕೊರಳಲ್ಲಿರುತ್ತಿತ್ತು. ಬೆಳ್ಳಿ ಕಾಗದ ಸುತ್ತುವುದರಲ್ಲಿ ಅವನಷ್ಟು ಅಚ್ಚುಕಟ್ಟು ನಮ್ಮಲ್ಲಿ ಯಾರೂ ಇರಲಿಲ್ಲ. ಒಂದು ಸುಕ್ಕಿಲ್ಲ, ಒಂದು ಸಂದಿಲ್ಲ. ಓದಿದ್ದು ಕಡಿಮೆ, ಆದರೆ ಗುಡ್ಡ ನೋಡಲು ಕಲಿತಿದ್ದ. ನನ್ನ ಭುಜದ ಹಿಂದೆ ನಿಂತು, “ನಮ್ಮ ಗುಡ್ಡ ಹೆಂಗಿದೆ ಅಕ್ಕಾ, ಗಟ್ಟಿ ಇದೆಯಾ?” ಅಂತ ಕೇಳುತ್ತಿದ್ದ. ಗಟ್ಟಿ ಇದೆ ಅಂದರೆ ದಿನವಿಡೀ ಶಿಳ್ಳೆ.

ಆ ಹೆಮ್ಮೆ ಒಂದು ಸಲ ಅವನ ಮುಖಕ್ಕೇ ಹೊಡೆಯಿತು. ಒಬ್ಬ ತಾಯಿ ಐದು ವರ್ಷದ ಮಗನ ರಿಪೋರ್ಟ್ ಹಿಡಿದುಕೊಂಡು ಬಂದಳು. ಅದರಲ್ಲಿ ಎರಡು ಗೆರೆ, ಒಂದು ಮಗುವಿನದು, ಹೋಲಿಕೆಗೆ ಇನ್ನೊಂದು ನಾರ್ಮಲ್‌ನದು. “ಈ ನಾರ್ಮಲ್ ಅನ್ನೋದು ಯಾರದ್ದು?” ಅಂತ ಕೇಳಿದಳು. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಇವನು ಸುಮ್ಮನಿರಬಾರದೆ, “ನಂದೇ ಅಮ್ಮಾ” ಅಂದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಕೆಟ್ಟನ್ನೂ ನೋಡಿದಳು.

“ನನ್ನ ಮಗನಿಗೆ ಇಲ್ಲದ್ದು ನಿನಗ್ಯಾಕೆ?” ಅಂದಳು. ಅಷ್ಟೇ ಅಂದು ಹೊರಟುಹೋದಳು.

ಅವತ್ತು ಅವನು ಊಟದ ಡಬ್ಬಿ ಬಿಚ್ಚಲಿಲ್ಲ. “ಅವರು ಕೇಳಿದ್ದು ಸರಿ ಅಕ್ಕಾ, ನಂಗ್ಯಾಕೆ?” ಅಂದ. ನಾನು, ಹೋಗಿ ಕೆಲಸ ನೋಡು ಅಂತ ಗದರಿದೆ.

ಹೊಸದಾಗಿ ಸೇರುವವರಿಗೆ ನಾನು ಮೊದಲ ದಿನವೇ ಒಂದು ಪಾಠ ಹೇಳುತ್ತಿದ್ದೆ. ಬಾಟಲಿ ಕೆಟ್ಟಿದ್ದರೆ ಗುಡ್ಡ ಒಡೆಯುವುದಿಲ್ಲ. ಇಡೀ ಗುಡ್ಡ ಹಾಗೇ ಎಡಕ್ಕೆ ಜಾರುತ್ತದೆ. ಬಣ್ಣ ಸತ್ತರೆ ಎಲ್ಲ ಕಣಕ್ಕೂ ಒಂದೇ ಸಮ ತಾನೇ ಸಾಯಬೇಕು? ಆದರೆ ಒಂದು ಗುಡ್ಡ ಎರಡಾಗಿ ಒಡೆದು, ಅರ್ಧ ಬಲಕ್ಕೆ ಹೊಳೆಯುತ್ತ ನಿಂತು ಇನ್ನರ್ಧ ಎಡಕ್ಕೆ ಬಿದ್ದಿದ್ದರೆ, ತಪ್ಪು ಬಾಟಲಿಯದಲ್ಲ. ಆ ಕಣಗಳೇ ಬದಲಾಗಿವೆ. ಅದು ರೋಗ. ಈ ಪಾಠವನ್ನು ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅವನೂ ನೆಲ ಒರೆಸುತ್ತ ಕೇಳಿಸಿಕೊಂಡಿದ್ದ.

ಹತ್ತೊಂಬತ್ತನೇ ವರ್ಷ ಅವನಿಗೆ ತುರಿಕೆ ಶುರುವಾಯಿತು. ಮೊದಲು ಅಂಗೈ, ಆಮೇಲೆ ಕುತ್ತಿಗೆ, ಬೆನ್ನು, ಎದೆ. ಮೈಯೆಲ್ಲ ಕೆಂಪಗಾಗಿ ಹೊಟ್ಟು ಉದುರತೊಡಗಿತು. ಚರ್ಮದ ವಿಭಾಗದವರು ದೂರದಿಂದಲೇ ನೋಡಿ, ನೆಲಕ್ಕೆ ಹಾಕುವ ಬ್ಲೀಚಿಂಗ್ ಪೌಡರಿನ ಅಲರ್ಜಿ ಅಂತ ಒಂದು ಮುಲಾಮು ಬರೆದುಕೊಟ್ಟರು. ಅವನು ಮುಲಾಮು ಬಳಿದುಕೊಂಡು, ಮೇಲೆ ತುಂಬುತೋಳಿನ ಅಂಗಿ ಹಾಕಿಕೊಂಡು ಬರುತ್ತಿದ್ದ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಂತದ್ದನ್ನು ದೊಡ್ಡ ಡಾಕ್ಟರು ಒಂದು ದಿನ ಕಂಡರು.

“ಏನಯ್ಯಾ, ಎಮ್ಮೆ ಹಾಗೆ ಕಂಬಕ್ಕೆ ಉಜ್ಕೋತೀಯಾ? ಮೈಗೆ ನೀರು ಕಂಡು ಎಷ್ಟು ದಿನ ಆಯ್ತು?”

ಎಲ್ಲರೂ ನಕ್ಕೆವು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಮಾರನೇ ದಿನದಿಂದ ಅವನ ಟೀ ಲೋಟ ಬೇರೆಯಾಯಿತು. ಯಾರು ಬೇರೆ ಮಾಡಿದರು ಅಂತ ಕೇಳಿದರೆ ಯಾರೂ ಇಲ್ಲ. ನಾನು ಅವನ ರಕ್ತ ತೆಗೆಯುವಾಗ ಎರಡೆರಡು ಕೈಗವಸು ಹಾಕಿಕೊಳ್ಳತೊಡಗಿದೆ. “ನಿನ್ನ ಹೊಟ್ಟು ನನ್ನ ಟ್ಯೂಬಿಗೆ ಉದುರಿಸಬೇಡಪ್ಪ” ಅಂದೆ. ಅವನು ಕೈ ಚಾಚುವ ಮೊದಲು ತೋಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಬರುವುದನ್ನು ರೂಢಿ ಮಾಡಿಕೊಂಡ. ಉಪ್ಪು ಸವರಿದ ಹಾಗೆ ಉರಿಯುತ್ತಿತ್ತಂತೆ. ಅದು ನನಗೆ ಆಮೇಲೆ ಅವನ ಹೆಂಡತಿಯಿಂದ ಗೊತ್ತಾಯಿತು.

ನಾವು ನೋಡುವ ಗುರುತುಗಳಲ್ಲಿ ಏಳನೇ ನಂಬರಿನದು ಒಂದು. ಅದನ್ನು ಸೆವೆನ್ ಅನ್ನುತ್ತಿದ್ದೆವು. ಸೆವೆನ್‌ನಲ್ಲಿ ಅವನ ಅಂಕಿ, ಅಂದರೆ ಹೊಳೆಯುವ ಕಣಗಳು, ಯಾವಾಗಲೂ ನೂರಕ್ಕೆ ತೊಂಬತ್ತರ ಮೇಲೆ. ಪಾಸಾಗಲು ಎಂಬತ್ತು ಸಾಕು. ತುರಿಕೆ ಶುರುವಾದ ಮೇಲೆ ಅದು ಎಂಬತ್ತೆಂಟು, ಎಂಬತ್ತಾರು, ಎಂಬತ್ತೆರಡು ಅಂತ ಇಳಿಯುತ್ತ ಬಂದಿತ್ತು. ಪಾಸು ಪಾಸೇ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಒಂದು ಸೋಮವಾರ ಎಪ್ಪತ್ತೊಂದು ಬಂತು.

ನಾನು ಗ್ರಾಫ್ ನೋಡಿದೆ. ಎರಡು ಗುಡ್ಡ. ಬಲಗಡೆ ದೊಡ್ಡದು, ಯಾವತ್ತಿನ ಜಾಗದಲ್ಲೇ, ಯಾವತ್ತಿನಷ್ಟೇ ಹೊಳಪಿನಲ್ಲಿ. ಎಡಗಡೆ ಚಿಕ್ಕದೊಂದು, ಹೊಸದು.

ಕಂಡಿತು. ಕಾಣಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕಾಗದ ಒಯ್ದು ದೊಡ್ಡ ಡಾಕ್ಟರ ಮುಂದಿಟ್ಟೆ. ಅವರು ಗ್ರಾಫ್ ನೋಡುವವರಲ್ಲ, ಕೆಳಗಿನ ಅಂಕಿ ನೋಡುವವರು.

“ಬಾಟಲಿ ಸತ್ತಿದೆ, ಬಿಸಾಕಿ.”

“ಸಾರ್, ಆಕಾರ ಸ್ವಲ್ಪ ಬೇರೆ ಥರ ಇದೆ…”

“ನಾರ್ಮಲ್ ಅಂದ್ರೆ ನಾರ್ಮಲ್ ಕಣ್ರೀ. ಅವನನ್ನೇ ಅನುಮಾನಿಸಿದ್ರೆ ಇನ್ಯಾರನ್ನ ನಂಬ್ತೀರಿ?”

ನಾನು ಬಂದು ಬಾಟಲಿ ಬಿಸಾಕಿದೆ. ನನ್ನದೇ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ಅದೇ ಬಾಟಲಿಯಲ್ಲಿ ನೋಡಿದ್ದರೆ ಎಲ್ಲ ಅಲ್ಲಿಗೇ ತಿಳಿಯುತ್ತಿತ್ತು. ಆ ಯೋಚನೆ ಬಂತು, ಆದರೂ ನೋಡಲಿಲ್ಲ. ಈ ಕೆಲಸ ಮಾಡುವವರಲ್ಲಿ ಒಂದು ಹೇಡಿತನ ಇದೆ: ತಮ್ಮ ರಕ್ತವನ್ನು ತಾವು ನೋಡಿಕೊಳ್ಳುವುದಿಲ್ಲ. ದಿನಾ ಊರವರ ಗುಡ್ಡ ಬೀಳುವುದನ್ನು ನೋಡುತ್ತ, ನಮ್ಮದೂ ಬಿದ್ದಿದ್ದರೆ ಎಂಬ ಭಯ. ಅದಕ್ಕೇ ತಾನೇ ನಾವೆಲ್ಲ ಅಷ್ಟು ಸಂತೋಷದಿಂದ ಅವನ ತೋಳು ಹಿಡಿದುಕೊಂಡದ್ದು.

ಒಂಬತ್ತು ದಿನ ಕಾದ ಮೇಲೆ ಎರಡನೇ ಬಾಟಲಿ ಬಂತು. ಅವನೇ ಸ್ಟೋರಿನಿಂದ ತಂದ. ಹಾಕಿ ನೋಡಿದರೆ ಅರವತ್ತಮೂರು. ನಿಯಮದ ಪ್ರಕಾರ ರೋಗಿಗಳ ರಕ್ತ ಮುಟ್ಟುವ ಹಾಗಿಲ್ಲ. ರಿಪೋರ್ಟಿಗೆ ಬಂದವರು ಕಾರಿಡಾರಿನಲ್ಲಿ ಕೂಗಾಡಿದರು, ಒಬ್ಬ ಬಾಗಿಲಿಗೆ ಒದ್ದ. ಮೇಲಿನವರು ಲಿಖಿತ ವಿವರಣೆ ಕೇಳಿದರು. ಗೂಬೆ ಕೂರಿಸಲು ಒಂದು ತಲೆ ಬೇಕಾಯಿತು.

ದೊಡ್ಡ ಡಾಕ್ಟರು ಅವನನ್ನು ತಮ್ಮ ಕೋಣೆಗೆ ಕರೆಸಿದರು. ನಾನೂ ಇದ್ದೆ. ಅವನು ಕೈಕಟ್ಟಿ ನಿಂತಿದ್ದ, ಕಟ್ಟಿದ ಕೈಯಲ್ಲೇ ಮೊಣಕೈ ಪರಚಿಕೊಳ್ಳುತ್ತಿದ್ದ.

“ಬಾಟಲಿ ಸ್ಟೋರಿಂದ ಯಾರು ತಂದಿದ್ದು?”

“ನಾನೇ ಸಾರ್.”

“ಎರಡೂ?”

“ಎರಡೂ ನಾನೇ.”

“ದಾರೀಲಿ ಎಲ್ಲಾದ್ರೂ ಇಟ್ಟಿದ್ಯಾ? ನಿಜ ಹೇಳು.”

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನು ಯೋಚನೆ ಮಾಡಿದ. ನಾನು ಮನಸ್ಸಿನಲ್ಲೇ, ಬೇಡ ಮಾರಾಯ, ಬಾಯಿ ಬಿಡಬೇಡ ಅಂದುಕೊಂಡೆ.

“ಮೊದಲನೇದು ಎಲ್ಲೂ ಇಡ್ಲಿಲ್ಲ ಸಾರ್. ಎರಡನೇದು… ಹಿತ್ತಲ ಮೆಟ್ಟಿಲ ಹತ್ರ ಬೆನ್ನು ತುಂಬಾ ತುರಿಸ್ತು. ಎರಡು ಕೈಯಲ್ಲೂ ಡಬ್ಬಿ ಇತ್ತು. ತಡೀಲಾರ್ದೆ ಕೆಳಗಿಟ್ಟೆ. ಎರಡೇ ನಿಮಿಷ. ಮುಚ್ಚಳ ತೆಗೀಲಿಲ್ಲ, ಒಳಗೆ ಐಸ್ ಇತ್ತು.”

“ಬಿಸಿಲಿತ್ತಾ?”

“ಇತ್ತು ಸಾರ್.”

ದೊಡ್ಡ ಡಾಕ್ಟರು ನನ್ನ ಕಡೆ ನೋಡಿ, ಸಿಕ್ಕಿತಲ್ಲ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಐಸ್ ಡಬ್ಬಿಯೊಳಗೆ ಮುಚ್ಚಿದ ಬಾಟಲಿ ಎರಡು ನಿಮಿಷದ ಬಿಸಿಲಿಗೆ ಕೆಡುವುದಿಲ್ಲ ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಅವತ್ತು ಮಧ್ಯಾಹ್ನವೇ ಮೆಮೊ ಟೈಪಾಯಿತು: ‘ಪರೀಕ್ಷಾ ದ್ರಾವಣವನ್ನು ಬಿಸಿಲಿನಲ್ಲಿಟ್ಟು ಕೆಡಿಸಿ, ರೋಗಿಗಳ ಚಿಕಿತ್ಸೆಗೆ ಅಡ್ಡಿಯುಂಟುಮಾಡಿದ್ದರಿಂದ…’ ಎಲ್ಲರ ಮುಂದೆ ಓದಿ ಹೇಳಿದರು. ಅವನು ಸಹಿ ಮಾಡಿದ. ಬೀಗದ ಕೈಯನ್ನು ನೀಲಿ ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟ, ಚೀಲವನ್ನು ಜೇಬಿಗೆ ಹಾಕಿಕೊಂಡ. ಅವನನ್ನು ನೆಲಮಾಳಿಗೆಗೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಸೋಪು, ಬಿಸಿನೀರು, ಹಬೆ. ಚರ್ಮ ಸುಲಿದುಹೋಗುತ್ತಿದ್ದ ಮನುಷ್ಯನಿಗೆ ಹುಡುಕಿ ಹುಡುಕಿ ಕೊಟ್ಟ ಹಾಗಿತ್ತು.

ಆ ಎರಡೂ ಗ್ರಾಫನ್ನು ನಾನು ಅವನಿಗೆ ತೋರಿಸಿರಲಿಲ್ಲ, ಅಂಕಿ ಮಾತ್ರ ಹೇಳಿದ್ದೆ. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು. “ನಾನು ಕೆಡಿಸಿಲ್ಲ ಅನ್ಸುತ್ತೆ ಅಕ್ಕಾ. ಆದ್ರೆ ಗುಡ್ಡ ಬಿದ್ದಿದೆಯಲ್ಲ, ಕೆಡಿಸಿರಬೇಕು.”

ಮೂರನೇ ಬಾಟಲಿಯನ್ನು ಬೇರೆಯವರು ತಂದರು. ಹೊಸ ನಾರ್ಮಲ್ ಆಗಿ ಗೇಟಿನ ಕಾವಲುಗಾರನನ್ನು ಹಿಡಿದುತಂದೆವು. ಗಟ್ಟಿಮುಟ್ಟಾದ ಆಳು, ಸೂಜಿ ಚುಚ್ಚಿದಾಗ ಮಾತ್ರ ಮಗುವಿನ ಹಾಗೆ ಕಿರುಚಿದ. ತೊಂಬತ್ತನಾಲ್ಕು ಬಂತು. ಒಂದೇ ಗುಡ್ಡ. ದೊಡ್ಡ ಡಾಕ್ಟರು ಮೇಜು ಕುಟ್ಟಿ, “ನೋಡಿದ್ರಾ? ಯಾರ ಕೈ ಕೆಟ್ಟದ್ದು ಅಂತ ಈಗ ಗೊತ್ತಾಯ್ತಲ್ಲ?” ಅಂದರು. ಲ್ಯಾಬಿನಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು, ಅದು ನಾಚಿಕೆಗೇಡು.

ಒಂದು ತಿಂಗಳ ಮೇಲೆ ಬಾಟಲಿ ಮಾಡುವ ಕಂಪನಿಯವರು ನಮ್ಮ ದೂರಿಗೆ ಉತ್ತರ ಬರೆದರು. ಕೆಟ್ಟಿದೆ ಅಂತ ನೀವು ಹೇಳುವ ಬಾಟಲಿಯನ್ನು ಇನ್ನೊಬ್ಬ ಆರೋಗ್ಯವಂತನ ರಕ್ತದಲ್ಲಿ ನೋಡಿ ಗ್ರಾಫ್ ಕಳಿಸಿ, ಆಮೇಲೆ ಬದಲಿ ಕೊಡುತ್ತೇವೆ. ದೂರಿನ ಸಲುವಾಗಿ ಎತ್ತಿಟ್ಟಿದ್ದ ಎರಡನೇ ಬಾಟಲಿ ಇನ್ನೂ ಫ್ರಿಜ್ಜಿನ ಮೂಲೆಯಲ್ಲಿತ್ತು, ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು. ಅದಕ್ಕೆ ಸುತ್ತಿದ್ದ ಬೆಳ್ಳಿ ಕಾಗದ ಅವನದೇ, ಒಂದು ಸುಕ್ಕಿಲ್ಲ. ಕಾವಲುಗಾರನ ರಕ್ತಕ್ಕೆ ಹಾಕಿ ಯಂತ್ರಕ್ಕೆ ಕೊಟ್ಟೆ.

ತೊಂಬತ್ತಮೂರು. ಒಂದೇ ಗುಡ್ಡ, ಬಲಕ್ಕೆ, ಎತ್ತರವಾಗಿ.

ಹಳೆಯ ಫೈಲು ಎಳೆದುಕೊಂಡು ನೆಲದ ಮೇಲೆ ಕೂತು ಅವನ ಸೋಮವಾರಗಳನ್ನು ಒಂದೊಂದಾಗಿ ತಿರುವಿದೆ. ಎಂಬತ್ತೆಂಟರಲ್ಲಿ ಸಣ್ಣ ಬಾಲ. ಎಂಬತ್ತೆರಡರಲ್ಲಿ ದಿಬ್ಬ. ಎಪ್ಪತ್ತೊಂದರಲ್ಲಿ ಗುಡ್ಡ. ಸೆವೆನ್ ಕಳೆದುಕೊಂಡ ಕಣಗಳು ವಾರವಾರ ಹೆಚ್ಚುತ್ತ ಬಂದಿದ್ದವು. ಇದು ರಕ್ತದ ಕಣಗಳು ಕೆಟ್ಟು ಚರ್ಮಕ್ಕೆ ನುಗ್ಗುವ ಕ್ಯಾನ್ಸರ್. ಮೈ ಕೆಂಪಾಗುತ್ತದೆ, ತುರಿಸುತ್ತದೆ, ಹೊಟ್ಟು ಉದುರುತ್ತದೆ. ಇಂಥವನ್ನು ಹಿಡಿಯುವುದಕ್ಕೇ ನಮ್ಮ ಲ್ಯಾಬ್ ಇರುವುದು. ಅವನ ರಕ್ತ ಪ್ರತಿ ಸೋಮವಾರ ನನ್ನ ಮುಂದೆ ನಿಂತು ಕೂಗಿ ಹೇಳಿತ್ತು. ನಾನು ಬಾಟಲಿಯ ಮುಖ ನೋಡುತ್ತ ಕೂತಿದ್ದೆ.

ಕಾಗದಗಳನ್ನೆಲ್ಲ ಒಯ್ದು ದೊಡ್ಡ ಡಾಕ್ಟರ ಮುಂದೆ ಹರಡಿದೆ. ಈ ಸಲ ಅವರು ಗ್ರಾಫನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿದರು.

“ಅವನನ್ನ ನಾವು ಯಾವತ್ತೂ ಪರೀಕ್ಷೆ ಮಾಡಿಲ್ಲ. ನಾವು ಪರೀಕ್ಷೆ ಮಾಡಿದ್ದು ಬಾಟಲಿನ” ಅಂದರು. “ಅವನ ಹೆಸರಲ್ಲಿ ಚೀಟಿ ಇಲ್ಲ, ಫೈಲಿಲ್ಲ. ಎಲ್ಲರ ಹಾಗೆ ಹೊರರೋಗಿ ವಿಭಾಗಕ್ಕೆ ಬರಲಿ. ನಾನೇ ನೋಡ್ತೀನಿ.”

“ಮೆಮೊ ಸಾರ್?”

“ಬಿಸಿಲಲ್ಲಿ ಇಟ್ಟಿದ್ದು ನಿಜ ತಾನೇ? ಅವನೇ ಒಪ್ಕೊಂಡಿದಾನೆ.”

ನಾನು ಬಾಗಿಲ ತನಕ ಹೋದಾಗ ಹಿಂದಿನಿಂದ ಕರೆದರು. “ಆ ಬಾಟಲಿ ಚೆನ್ನಾಗಿದ್ರೆ ಬಳಸಿ. ಬಿಸಾಕಬೇಡಿ, ಸುಮ್ನೆ ದಂಡ.”

ನೆಲಮಾಳಿಗೆಗೆ ಇಳಿದೆ. ಒಳಗೆ ಹಬೆ, ಯಂತ್ರಗಳ ಗಡಗಡ. ಅವನು ಮತ್ತು ಅಲ್ಲಿಯ ಮೇಲ್ವಿಚಾರಕಿ, ದಪ್ಪನೆಯ ಹೆಂಗಸು, ಒಂದು ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದರು. ಅವನ ಮುಖ ಬೆಂದ ಹಾಗೆ ಕೆಂಪಗೆ ಊದಿತ್ತು, ರೆಪ್ಪೆ ಕೂದಲು ಉದುರಿಹೋಗಿತ್ತು. ನನ್ನನ್ನು ಕಂಡದ್ದೇ ಮುಖ ಅರಳಿತು.

“ಅಕ್ಕಾ! ಕರ್ಕೊಂಡು ಹೋಗಕ್ಕೆ ಬಂದ್ರಾ?”

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಗಿ, ಸುಲಭವಾದ ಅರ್ಧ ಮೊದಲು ಬಾಯಿಗೆ ಬಂತು.

“ಆ ಎರಡನೇ ಬಾಟಲಿ ಕೆಟ್ಟಿರ್ಲಿಲ್ಲಪ್ಪ.”

ಅವನ ಕೈಯಿಂದ ಹೊದಿಕೆ ಜಾರಿತು. “ಕೆಟ್ಟಿರ್ಲಿಲ್ವಾ?”

“ಇಲ್ಲ. ಇವತ್ತು ಹಾಕಿ ನೋಡ್ದೆ. ಹೊಸದರ ಹಾಗಿದೆ.”

“ನಾನು ಕೆಡಿಸಿಲ್ಲ!” ಅಂತ ಅವನು ಕೂಗಿದ. ಯಂತ್ರಗಳ ಸದ್ದಿನ ಮೇಲೆ ಕೇಳುವಷ್ಟು ಜೋರಾಗಿ ಕೂಗಿದ. ಆ ಊದಿದ ಮುಖದಲ್ಲಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕ. “ನಾನು ಹೇಳ್ಲಿಲ್ವಾ ನಿಮಗೆ? ಎರಡೇ ನಿಮಿಷ ಅಂತ ಹೇಳ್ಲಿಲ್ವಾ? ಅಕ್ಕಾ, ಇನ್ನೊಂದು ಸಲ ಹೇಳಿ, ಇವರೂ ಕೇಳ್ಲಿ. ಇಲ್ಲಿ ಎಲ್ಲಾ ನನ್ನನ್ನ ಬಿಸಿಲಪ್ಪ ಅಂತ ಕರೀತಾರೆ.”

ನಾನು ಮೇಲ್ವಿಚಾರಕಿಗೆ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ. ಬಾಟಲಿ ಚೆನ್ನಾಗಿತ್ತು. ಇವನು ಕೆಡಿಸಿಲ್ಲ. ಅವನು ಜೇಬಿನಿಂದ ನೀಲಿ ಚೀಲ ತೆಗೆದು ಬೆರಳಲ್ಲಿ ಬಿಡಿಸಿದ, ಬೀಗದ ಕೈ ಈಗಲೇ ಕೊಡುತ್ತೇನೆ ಅಂತ ತಿಳಿದುಕೊಂಡವನ ಹಾಗೆ.

ಆ ಹೆಂಗಸು ತೀರ ಸಹಜವಾಗಿ ಕೇಳಿದಳು: “ಬಾಟಲಿ ಸರಿ ಇತ್ತು ಅಂದ್ಮೇಲೆ ಮತ್ತೆ ತಪ್ಪು ಯಾವುದರದ್ದು?”

ನಾನು ಉತ್ತರ ಹೇಳಬೇಕಾಗಲಿಲ್ಲ. ಹತ್ತೊಂಬತ್ತು ವರ್ಷ ನನ್ನ ಪಾಠ ಕೇಳಿಸಿಕೊಂಡವನು ಅವನು. ನಗು ಮುಖದ ಮೇಲೆ ಇದ್ದ ಹಾಗೇ ಇತ್ತು, ಕಣ್ಣು ಮಾತ್ರ ನಿಂತುಬಿಟ್ಟಿತು. ನಿಧಾನವಾಗಿ ಎಡಗೈಯ ತೋಳು ಮೇಲೆ ಸರಿಸಿ ನೋಡಿಕೊಂಡ.

“ಎರಡು ಗುಡ್ಡ ಇತ್ತಾ ಅಕ್ಕಾ?”

“ಹ್ಞೂಂ.”

“ಮೊದಲನೇ ದಿನಾನೇ?”

“ಹ್ಞೂಂ.”

ನನ್ನನ್ನು ಬೈಯಲಿ ಅಂತ ಕಾದು ನಿಂತೆ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಅವನು ತೋಳು ಇಳಿಸಿ ಗುಂಡಿ ಹಾಕಿಕೊಂಡ. “ಇರ್ಲಿ ಬಿಡಿ” ಅಂದ. “ಮೆಮೊ ತೆಗೀತಾರಲ್ಲ?”

ತೆಗೆಯುತ್ತಾರೆ ಅಂದೆ.

ಆಮೇಲೆ ಅವನು ನಾಲ್ಕನೇ ಮಹಡಿಯ ವಾರ್ಡಿಗೆ ಬಂದ. ಮೂರು ತಿಂಗಳ ಹಿಂದೆಯೇ ಗೊತ್ತಾಗಿದ್ದರೆ ಉಳಿಯುತ್ತಿದ್ದನೇ ಎಂದು ದೊಡ್ಡ ಡಾಕ್ಟರನ್ನು ಒಮ್ಮೆ ಕೇಳಿದೆ. ಹೇಳಕ್ಕಾಗಲ್ಲ ಅಂದರು. ಆ ಮಾತಿನಲ್ಲಿ ಅವರು ನೆಮ್ಮದಿಯಿಂದ ಬದುಕಿದರು, ನನಗೆ ಆಗಲಿಲ್ಲ. ಸೋಮವಾರ ಒಂಬತ್ತಕ್ಕೆ ನಾನೇ ಹೋಗಿ ಅವನ ರಕ್ತ ತೆಗೆಯುತ್ತಿದ್ದೆ. ಡಾಕ್ಟರಿಗೆ ಅದು ಬೇಕಿತ್ತು, ವಿದ್ಯಾರ್ಥಿಗಳಿಗೆ ತೋರಿಸಲು. ಮಂಚದ ಸುತ್ತ ಅವರನ್ನು ನಿಲ್ಲಿಸಿ, “ಒಬ್ಬ ಆರೋಗ್ಯವಂತ ಹೇಗೆ ವಾರವಾರ ರೋಗಿಯಾಗ್ತಾನೆ ಅಂತ ಹತ್ತೊಂಬತ್ತು ವರ್ಷದ ದಾಖಲೆ ಇದೆ ನಮ್ಮ ಹತ್ರ. ಇಂಥದ್ದು ಪುಸ್ತಕದಲ್ಲೂ ಸಿಗಲ್ಲ” ಅನ್ನುತ್ತಿದ್ದರು. ಅವನು ಹೊದಿಕೆ ಸರಿಸಿ, ತಿರುಗು ಅಂದ ಕಡೆಗೆ ತಿರುಗಿ, ಸುಲಿದ ಬೆನ್ನು ತೋರಿಸುತ್ತಿದ್ದ.

ನನ್ನ ಹತ್ತಿರ ಅವನು ಕೇಳುತ್ತಿದ್ದದ್ದು ಬೇರೆಯೇ.

“ನಮ್ಮ ಬಾಟಲೀನೇ ಹಾಕ್ತಿದೀರಾ ಅಕ್ಕಾ?”

“ಅದೇ.”

“ಕಾವಲುಗಾರನಿಗೆ ಎಷ್ಟು ಬಂತು ಅದರಲ್ಲಿ?”

“ತೊಂಬತ್ತಮೂರು.”

“ಇನ್ನೂ ಕೆಟ್ಟಿಲ್ಲ ನೋಡಿ!” ಅಂತ ದಿಂಬಿಗೆ ಒರಗುತ್ತಿದ್ದ. ತನ್ನದು ಎಷ್ಟು ಬಂತು ಅಂತ ಒಂದು ಸಲವೂ ಕೇಳಲಿಲ್ಲ. ಅವನದು ನಲವತ್ತು ಆಯಿತು, ಇಪ್ಪತ್ತೆಂಟಾಯಿತು, ಹದಿನಾಲ್ಕಾಯಿತು. ಅವನು ಕೆಡಿಸಿದ್ದಾನೆಂದು ಮೆಮೊ ಹೇಳುತ್ತಿದ್ದ ಅದೇ ಬಾಟಲಿಯಿಂದ ಅವನ ಸಾವನ್ನು ವಾರಕ್ಕೊಮ್ಮೆ ಅಳೆದೆವು, ಐದು ತಿಂಗಳು. ಮೆಮೊ ಫೈಲಿನಲ್ಲಿ ಹಾಗೇ ಇತ್ತು. ಅದನ್ನು ರದ್ದು ಮಾಡಬೇಕಾದರೆ ಏಕೆ ರದ್ದು ಮಾಡಿದೆವು ಅಂತ ಬರೆಯಬೇಕು. ಬರೆದರೆ ಎರಡು ಗುಡ್ಡ ಯಾರು ನೋಡಿದರು, ಯಾರು ಸುಮ್ಮನಿದ್ದರು ಅನ್ನುವುದೂ ಬರುತ್ತದೆ. ದೊಡ್ಡ ಡಾಕ್ಟರನ್ನು ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲಿಲ್ಲ. ಅವನು ಕೇಳಿದಾಗಲೆಲ್ಲ, “ಆಗ್ತಾ ಇದೆ, ಟೈಪಿಗೆ ಹೋಗಿದೆ” ಅಂತ ಕೈ ತೊಳೆದುಕೊಂಡೆ.

ಒಂದು ಸಲ ಕೈ ಹಿಡಿದುಕೊಂಡು ಹೇಳಿದ: “ಖಾಲಿ ಆದ್ಮೇಲೆ ಆ ಬಾಟಲಿ ನಂಗೆ ಕೊಡ್ತೀರಾ ಅಕ್ಕಾ? ಮನೆಯವಳಿಗೆ ತೋರಿಸ್ಬೇಕು.”

ಬಾಟಲಿ ಖಾಲಿಯಾದದ್ದು ಸೋಮವಾರ. ಕೊನೆಯ ಹನಿ ಹಾಕಿದ್ದು ಅವನ ರಕ್ತಕ್ಕೇ. ಅವನು ಸತ್ತದ್ದು ಗುರುವಾರ.

ಹದಿನೈದು ದಿನದ ಮೇಲೆ ಅವನ ಹೆಂಡತಿ ಲ್ಯಾಬಿಗೆ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹೊಲಿಗೆಯ ಕೈಚೀಲದಿಂದ ಮೆಮೊದ ಪ್ರತಿ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು.

“ಹೋಗೋ ಹಿಂದಿನ ದಿನಾನೂ ಇದನ್ನೇ ಹೇಳ್ತಿದ್ರು. ಅಕ್ಕ ಬರೆಸ್ತಿದಾರೆ, ಅಕ್ಕ ಬರೆಸ್ತಿದಾರೆ ಅಂತ. ಇದರ ಕೆಳಗೆ ಒಂದೇ ಒಂದು ಸಾಲು ಬರ್ಕೊಡಿ ತಾಯಿ. ಬಾಟಲಿ ಅವರು ಕೆಡಿಸಿಲ್ಲ ಅಂತ. ನಾನು ಯಾರಿಗೂ ತೋರ್ಸಲ್ಲ, ಮನೇಲಿ ಇಟ್ಕೋತೀನಿ.”

“ಡಾಕ್ಟರನ್ನ ಕೇಳ್ಬೇಕಮ್ಮ.”

“ನೀವೇ ನೋಡಿದೀರಂತಲ್ಲ?”

“ನೋಡಿದೀನಿ.”

“ಮತ್ತೆ?”

ಪೆನ್ನು ನನ್ನ ಜೇಬಿನಲ್ಲೇ ಇತ್ತು. ಅದನ್ನು ಮುಟ್ಟದೆ ಡ್ರಾಯರ್ ಎಳೆದು, ಎತ್ತಿಟ್ಟಿದ್ದ ಖಾಲಿ ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಬೆಳ್ಳಿ ಕಾಗದ ಬಿಡಿಸಿ, ಕಪ್ಪು ಬಟ್ಟೆಯ ಅಂಚಿನಿಂದ ಬರುತ್ತಿದ್ದ ಬೆಳಕಿಗೆ ಹಿಡಿದು ನೋಡಿದಳು.

“ಇದರಲ್ಲಿ ಏನೂ ಇಲ್ವಲ್ಲಮ್ಮ?”

“ಕೊನೇ ಹನಿವರೆಗೂ ಚೆನ್ನಾಗಿತ್ತು” ಅಂದೆ.

ಅವಳು ಬೆಳ್ಳಿ ಕಾಗದವನ್ನು ಮತ್ತೆ ಬಾಟಲಿಗೆ ಸುತ್ತಿದಳು. ಮನೆಯಲ್ಲಿ ಅವನು ತೋರಿಸಿಕೊಟ್ಟಿದ್ದನೋ ಏನೋ, ಒಂದು ಸುಕ್ಕು ಬೀಳಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಮೆಮೊ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು.

ನನ್ನ ನಿವೃತ್ತಿಗೆ ಆಗ ನಾಲ್ಕು ವರ್ಷ ಬಾಕಿ ಇತ್ತು. ಅದೂ ಮುಗಿಯಿತು, ಹಾರ ಹಾಕಿ ಕಳಿಸಿದರು. ಮಾರನೇ ವಾರ ಒಂದು ಸಾಲು ಬರೆದು, ಸಹಿ ಹಾಕಿ, ಅವರ ಮನೆ ಹುಡುಕಿಕೊಂಡು ಹೋದೆ. ಬೇರೆ ಯಾರೋ ಇದ್ದರು. ಹೊಲಿಗೆಯವರು ಖಾಲಿ ಮಾಡಿ ಎರಡು ವರ್ಷವಾಯಿತು, ಎಲ್ಲಿಗೆ ಹೋದರೋ ಗೊತ್ತಿಲ್ಲ ಅಂದರು. ಆ ಕಾಗದ ಇನ್ನೂ ನನ್ನ ಹತ್ತಿರವೇ ಇದೆ.